ಲಾರಿಗೆ ಎಚ್‌ಪಿ ಬೇಕು ಅಂದರೆ ಮ್ಯಾನಿಫೋಲ್ಡ್ ಬದಲಿಸಿದರೆ ಸಾಕೇ?

ಕಬ್ಬಿನ ಸೀಸನ್ ಹತ್ತಿರ ಬಂತೆಂದರೆ ಮಂಡ್ಯ, ಮದ್ದೂರು, ಪಾಂಡವಪುರದ ಗ್ಯಾರೇಜುಗಳಲ್ಲಿ ಒಂದೇ ದೂರು: "ಗಾಡಿ ಏರಲ್ಲಿ ಎಳೀತಿಲ್ಲ, ಏನಾದ್ರೂ ಮಾಡಿಕೊಡಿ." ಈಚೆಗೆ ಅದರ ಬೆನ್ನಿಗೇ ಮೊಬೈಲೂ ಹೊರಗೆ ಬರುತ್ತದೆ. ಅಮೆರಿಕದ ಪಿಕಪ್ ಟ್ರಕ್ಕಿನ ವಿಡಿಯೊ ತೋರಿಸಿ, "ಇನ್‌ಟೇಕ್ ಮ್ಯಾನಿಫೋಲ್ಡ್ ದೊಡ್ಡದು ಹಾಕಿದ್ರೆ ಎಚ್‌ಪಿ ಜಾಸ್ತಿ ಆಗುತ್ತಂತಲ್ಲ, ನಮ್ಮದಕ್ಕೂ ಹಾಕಿಸೋಣ್ವಾ?" ಎಂಬ ಪ್ರಶ್ನೆ.

ಹಾಕಿಸಬಹುದು. ಆದರೆ ಅದೊಂದರಿಂದ ಸಿಗುವುದು ಎಷ್ಟು ಎಂಬ ಲೆಕ್ಕ ಮೊದಲು ಗೊತ್ತಿರಲಿ. ಇನ್‌ಟೇಕ್ ಮ್ಯಾನಿಫೋಲ್ಡ್ ಅಂದರೆ ಒಳಬಂದ ಗಾಳಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಭಾಗ; ಗಾಳಿ ಬರುವ ದಾರಿಯಲ್ಲಿ ಅದು ಕಟ್ಟಕಡೆಯ ನಿಲ್ದಾಣ. ಅದರ ಹಿಂದೆ ಫಿಲ್ಟರ್, ಹೋಸು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಆ ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸಾಲಾಗಿ ನಿಂತಿವೆ. ನಮ್ಮ ಕಡೆಯ ಲಾರಿಗಳು ಕಳೆದುಕೊಂಡಿರುವ ಎಚ್‌ಪಿಯಲ್ಲಿ ಹೆಚ್ಚಿನ ಪಾಲು ಸೋರಿರುವುದು ಆ ಹಿಂದಿನ ಸಾಲಿನಲ್ಲೇ.

ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರ್ ತುಳಿದರೆ ಥ್ರಾಟಲ್ ತೆರೆದು ಗಾಳಿ ಹೆಚ್ಚುತ್ತದೆ. ಹಳೆಯ ಡೀಸೆಲ್ ಲಾರಿಯಲ್ಲಿ ಥ್ರಾಟಲ್ಲೇ ಇಲ್ಲ, ಗಾಳಿಯ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ; ತುಳಿದರೆ ಹೆಚ್ಚುವುದು ಡೀಸೆಲ್. ಅಂದರೆ ಶಕ್ತಿ ಕೊಡುವುದು ಡೀಸೆಲ್, ಹೊಗೆಯಿಲ್ಲದೆ ಎಷ್ಟು ಡೀಸೆಲ್ ಉರಿಸಬಹುದು ಎಂದು ನಿರ್ಧರಿಸುವುದು ಗಾಳಿ. ಬರೀ ಗಾಳಿ ಹೆಚ್ಚಿಸಿ ಡೀಸೆಲ್ ಅಷ್ಟೇ ಬಿಟ್ಟರೆ ಹೊಗೆ ಕಡಿಮೆಯಾಗುತ್ತದೆ, ಎಂಜಿನ್ ತಣ್ಣಗಿರುತ್ತದೆ, ಎಚ್‌ಪಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಅಂಕಿಯಲ್ಲಿ ನೋಡೋಣ. ಪೂರ್ತಿ ಲೋಡಿನಲ್ಲಿ ಒಳ್ಳೆಯ ಸ್ಥಿತಿಯ ಲಾರಿ ಎಂಜಿನ್ ಒಂದು ಕಿಲೊವ್ಯಾಟ್‌ಗೆ ಗಂಟೆಗೆ ಸುಮಾರು 210 ಗ್ರಾಂ ಡೀಸೆಲ್ ಕುಡಿಯುತ್ತದೆ. ಗಂಟೆಗೆ ಒಂದು ಕಿಲೊ ಡೀಸೆಲ್‌ಗೆ ಸುಮಾರು 6.4 ಎಚ್‌ಪಿ ಎಂದಾಯಿತು. 10 ಎಚ್‌ಪಿ ಹೆಚ್ಚು ಬೇಕಿದ್ದರೆ ಗಂಟೆಗೆ ಒಂದೂವರೆ ಕಿಲೊ ಡೀಸೆಲ್ ಹೆಚ್ಚು ಕೊಡಬೇಕು. ಒಂದು ಕಿಲೊ ಡೀಸೆಲ್ ಉರಿಯಲು ಲೆಕ್ಕದ ಪ್ರಕಾರ ಹದಿನಾಲ್ಕೂವರೆ ಕಿಲೊ ಗಾಳಿ ಸಾಕು. ಆದರೆ ಸಿಲಿಂಡರಿನೊಳಗೆ ಡೀಸೆಲ್ ಎಲ್ಲ ಕಡೆ ಸಮನಾಗಿ ಬೆರೆಯುವುದಿಲ್ಲವಾದ್ದರಿಂದ 20 ಕಿಲೊ ಆಸುಪಾಸಿಲ್ಲದಿದ್ದರೆ ಕಪ್ಪು ಹೊಗೆ ಖಾತ್ರಿ. ಹಾಗಾಗಿ ಆ 10 ಎಚ್‌ಪಿಗೆ ಗಂಟೆಗೆ 30 ಕಿಲೊ ಗಾಳಿ ಹೆಚ್ಚುವರಿಯಾಗಿ ಒಳಗೆ ಹೋಗಬೇಕು. ಅಷ್ಟು ಗಾಳಿಯನ್ನು ಮ್ಯಾನಿಫೋಲ್ಡ್ ಒಂದೇ ತಂದುಕೊಡಬಲ್ಲದೇ?

ಉದಾಹರಣೆಗೆ ಟಾಟಾ 697 ಎಂಜಿನ್ ತೆಗೆದುಕೊಳ್ಳಿ. ಹೆಸರಿನಲ್ಲೇ ಲೆಕ್ಕ ಇದೆ: 6 ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ). ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 128 ಮಿ.ಮೀ., ಒಟ್ಟು 5,675 ಸಿಸಿ. ನಾಲ್ಕು ಸ್ಟ್ರೋಕ್ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತದೆ. 2,400 ಆರ್‌ಪಿಎಂನಲ್ಲಿ ಶೇ 85ರಷ್ಟು ತುಂಬಿಕೊಂಡರೂ ನಿಮಿಷಕ್ಕೆ ಸುಮಾರು 5,800 ಲೀಟರ್. 75 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಇದು ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಹರಿಯುತ್ತದೆ. ಗಾಳಿಗೆ ಇದೇನೂ ದೊಡ್ಡ ವೇಗವಲ್ಲ. ಟರ್ಬೊ ಒತ್ತಡದಲ್ಲಿ ಒಂದು ಚೂಪು ಬೆಂಡಿಗೆ ಅರ್ಧ ಕಿಲೊಪ್ಯಾಸ್ಕಲ್‌ನಷ್ಟು ಒತ್ತಡ ಹೋಗುತ್ತದೆ, ನುಣುಪಾದ ಉದ್ದ ಬೆಂಡಿಗೆ ಅದರ ಕಾಲು ಭಾಗ. ಎಲ್ಬೋ (ಮ್ಯಾನಿಫೋಲ್ಡಿಗೆ ಸೇರುವ ಬಾಗಿದ ಪೈಪು), ಮ್ಯಾನಿಫೋಲ್ಡ್ ಎಲ್ಲ ಸೇರಿ 3 ಕಿಲೊಪ್ಯಾಸ್ಕಲ್ ನುಂಗುತ್ತವೆ ಎಂದೇ ಹಿಡಿಯಿರಿ. ಒಳಗಿನ ಒಟ್ಟು ಒತ್ತಡ 185 ಕಿಲೊಪ್ಯಾಸ್ಕಲ್ ಇದ್ದರೆ ಅದು ಶೇ ಒಂದೂವರೆ. ಚೆಂದದ ಮ್ಯಾನಿಫೋಲ್ಡ್ ಮಾಡಿಸಿ ಆ ನಷ್ಟವನ್ನು ಅರ್ಧಕ್ಕೆ ಇಳಿಸಿದರೂ 150 ಎಚ್‌ಪಿ ಎಂಜಿನ್ನಿಗೆ ಉಳಿಯುವುದು ಒಂದು ಎಚ್‌ಪಿ ಚಿಲ್ಲರೆ.

ಈಗ ಫಿಲ್ಟರ್ ಕಡೆ ಬನ್ನಿ. ಟರ್ಬೊ ಡೀಸೆಲ್ ಲಾರಿಗಳಲ್ಲಿ ಫಿಲ್ಟರ್ ಬದಲಿಸಲು ಸಾಮಾನ್ಯವಾಗಿ ಇಟ್ಟಿರುವ ಗಡಿ 25 ಇಂಚು ನೀರಿನ ಒತ್ತಡ, ಅಂದರೆ ಸುಮಾರು 6 ಕಿಲೊಪ್ಯಾಸ್ಕಲ್. ಇಂಡಿಕೇಟರಿನಲ್ಲಿ ಕೆಂಪು ಕಾಣುವುದು ಅಲ್ಲಿ. ಈ ನಷ್ಟ ಆಗುವುದು ಟರ್ಬೊಗೆ ಮುಂಚೆ. ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತುವುದಾದರೆ ಈಚೆ ಹೋದ 6 ಆಚೆ 12 ಆಗುತ್ತದೆ, ಅಂದರೆ ಗಾಳಿಯಲ್ಲಿ ಶೇ ಆರಕ್ಕೂ ಮೇಲೆ ಖೋತಾ. ಟರ್ಬೊ ಕೊಂಚ ಜೋರಾಗಿ ಓಡಿ ಒಂದಿಷ್ಟು ತುಂಬಿಕೊಟ್ಟೀತು, ಪೂರ್ತಿ ಅಲ್ಲ. ಕಬ್ಬಿನ ಗದ್ದೆಯ ಕೆಮ್ಮಣ್ಣು, ಒಣ ತರಗಿನ ಪುಡಿ, ಅಕ್ಕಿ ಗಿರಣಿಯ ಹೊಟ್ಟು ಎಲ್ಲ ಕುಡಿದ ಫಿಲ್ಟರನ್ನು ಟೈರಿಗೆ ನಾಲ್ಕು ಸಲ ಬಡಿದು ಮತ್ತೆ ಹಾಕುವ ಅಭ್ಯಾಸ ಇದೆಯಲ್ಲ, ಅದರಲ್ಲಿ ಹೋಗುವ ಎಚ್‌ಪಿಯನ್ನು ಯಾವ ಮ್ಯಾನಿಫೋಲ್ಡೂ ವಾಪಸ್ ತರಲಾರದು. ಬಡಿದರೆ ಕಾಗದದ ಮಡಿಕೆ ಅಂಟಿನ ಜಾಗದಲ್ಲಿ ಬಿಡುತ್ತದೆ, ಧೂಳು ನೇರ ಒಳಗೆ. ಗಾಳಿ ಹೊಡೆಯಲೇಬೇಕಿದ್ದರೆ 2 ಬಾರ್ ಒಳಗೆ, ಒಳಗಿನಿಂದ ಹೊರಕ್ಕೆ. ಒಳಗಿರುವ ಚಿಕ್ಕ ಸೇಫ್ಟಿ ಫಿಲ್ಟರನ್ನು ಕ್ಲೀನ್ ಮಾಡುವ ಹಾಗೇ ಇಲ್ಲ, ಬದಲಿಸುವುದೇ.

ಇಂಟರ್‌ಕೂಲರಿನ ಲೆಕ್ಕ ಇನ್ನೂ ದೊಡ್ಡದು. 30 ಡಿಗ್ರಿ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಿದಾಗ ಅದು ಸುಮಾರು 125 ಡಿಗ್ರಿಗೆ ಕಾಯುತ್ತದೆ. ಒಳ್ಳೆಯ ಇಂಟರ್‌ಕೂಲರ್ ಅದನ್ನು 55ರ ಹತ್ತಿರಕ್ಕೆ ತಂದರೆ ಅದೇ ಒತ್ತಡದಲ್ಲಿ ಶೇ 20ಕ್ಕೂ ಹೆಚ್ಚು ಗಾಳಿ ಹಿಡಿಸುತ್ತದೆ. ಗ್ರಿಲ್ಲಿನ ಹಿಂದೆ ಕೆಸರು, ತರಗು, ಚಿಟ್ಟೆ ಮೆತ್ತಿಕೊಂಡು ರೆಕ್ಕೆಗಳೇ ಕಾಣದಂತಾದ ಇಂಟರ್‌ಕೂಲರ್ ಇಟ್ಟುಕೊಂಡು ಮ್ಯಾನಿಫೋಲ್ಡ್ ಬಗ್ಗೆ ಯೋಚಿಸುವುದು ವ್ಯರ್ಥ.

ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಮಂಗಳೂರಿಗಿಂತ ಇಲ್ಲಿಯ ಗಾಳಿಯ ಒತ್ತಡ ಶೇ 8ರಷ್ಟು ಕಡಿಮೆ. ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಇದು ನೇರ ನಷ್ಟ. ಟರ್ಬೊ ಇದ್ದರೆ ಅದು ಹೆಚ್ಚು ವೇಗ ತಿರುಗಿ ಸರಿದೂಗಿಸುತ್ತದೆ. ಗುಂಡ್ಲುಪೇಟೆ ದಾಟಿ ಊಟಿ ಕಡೆ ಲೋಡು ಹೊಡೆಯುವವರು ಇದನ್ನು ನೆನಪಿಡಬೇಕು: ಮೈಸೂರಿನಲ್ಲಿ ಸರಿಯಾಗಿ ಕಾಣುವಂತೆ ಪಂಪ್ ಏರಿಸಿದ, ಅಂದರೆ ಡೀಸೆಲ್ ಹೆಚ್ಚು ಬಿಡುವಂತೆ ಮಾಡಿದ ಗಾಡಿ 2,200 ಮೀಟರ್ ಎತ್ತರದಲ್ಲಿ ಕಪ್ಪಗೆ ಉಗುಳುತ್ತದೆ, ಟರ್ಬೊ ಮೇಲೂ ಹೊರೆ.

ಹಾಗಾದರೆ ವಿಡಿಯೊದವರು ಸುಳ್ಳು ಹೇಳುತ್ತಾರಾ? ಇಲ್ಲ, ಅವರ ಎಂಜಿನ್ ಬೇರೆ. ಪೆಟ್ರೋಲ್ ವಿ8 ಪಿಕಪ್ 5,000-6,000 ಆರ್‌ಪಿಎಂವರೆಗೆ ತಿರುಗುತ್ತದೆ. ಅಷ್ಟು ವೇಗದಲ್ಲಿ ಮ್ಯಾನಿಫೋಲ್ಡಿನ ಕೊಳವೆಗಳ ಉದ್ದವೇ ಕೆಲಸ ಮಾಡುತ್ತದೆ: ವಾಲ್ವ್ ತೆರೆದಾಗ ಎದ್ದ ಒತ್ತಡದ ಅಲೆ ಕೊಳವೆಯ ತುದಿಗೆ ಹೋಗಿ ತಿರುಗಿ ಬಂದು, ವಾಲ್ವ್ ಮುಚ್ಚುವ ಮುಂಚೆ ಇನ್ನೊಂದಿಷ್ಟು ಗಾಳಿಯನ್ನು ಒಳಗೆ ತಳ್ಳುತ್ತದೆ. ಇದೇ ಉಪಾಯ 2,400 ಆರ್‌ಪಿಎಂ ಲಾರಿಗೆ ಬೇಕೆಂದರೆ ಒಂದೊಂದು ಕೊಳವೆಯೂ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಇರಬೇಕು. ಕ್ಯಾಬಿನ್ ಕೆಳಗೆ ಅದಕ್ಕೆ ಜಾಗವೆಲ್ಲಿ? ಅಲ್ಲಿಯ ಡೀಸೆಲ್ ಪಿಕಪ್‌ಗಳದ್ದೂ ಬೇರೆ ಕಥೆ. 1989ರಿಂದ ಡಾಡ್ಜ್ ರ‍್ಯಾಮ್‌ನಲ್ಲಿ ಬಂದ 5.9 ಲೀಟರ್ ಕಮಿನ್ಸ್ ಎಂಜಿನ್ನಿನಲ್ಲಿ ಚಳಿಗಾಲದಲ್ಲಿ ಸ್ಟಾರ್ಟ್ ಆಗಲೆಂದು ಗಾಳಿಯ ದಾರಿಗೆ ಅಡ್ಡಲಾಗಿ ಹೀಟರ್ ಇದೆ. ಅವರು ಇಂಧನ, ಟರ್ಬೊ ಎಲ್ಲ ಏರಿಸಿ ಗಾಳಿ ಎರಡು ಪಟ್ಟು ಹರಿಸಿದ ಮೇಲೆ ಆ ಹೀಟರೂ ಇಕ್ಕಟ್ಟಾದ ಎಲ್ಬೋವೂ ನಿಜಕ್ಕೂ ಅಡ್ಡಿಯಾಗುತ್ತವೆ.

ನಮ್ಮಲ್ಲಿ ಅದೇ 5.9 ಕಮಿನ್ಸ್ ಟಾಟಾ ಲಾರಿಗಳಲ್ಲಿ ಓಡಿದೆ. ಅದಕ್ಕೆ "ಮ್ಯಾನಿಫೋಲ್ಡ್ ಬದಲಿಸಿ" ಎನ್ನುವವರಿಗೆ ಒಂದು ವಿಷಯ: ಆ 12 ವಾಲ್ವ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್ಡಿನ (ವಾಲ್ವುಗಳಿರುವ, ಸಿಲಿಂಡರುಗಳ ಮೇಲಿನ ಭಾಗದ) ಜೊತೆಗೇ ಎರಕ ಹೊಯ್ದದ್ದು. ಬಿಚ್ಚಲು ಬರುವುದು ಮೇಲಿನ ಮುಚ್ಚಳ ಮತ್ತು ಎಲ್ಬೋ ಮಾತ್ರ.

ಮ್ಯಾನಿಫೋಲ್ಡ್ ಕೆಲಸಕ್ಕೆ ನಿಜವಾದ ಅರ್ಥ ಬರುವ ಸಂದರ್ಭಗಳಿವೆ. ಟರ್ಬೊ ಇಲ್ಲದ ಎಂಜಿನ್ನಿಗೆ ಟರ್ಬೊ, ಇಂಟರ್‌ಕೂಲರ್ ಕೂರಿಸುವಾಗ ಗಾಳಿ ಬರುವ ದಿಕ್ಕೇ ಬದಲಾಗುತ್ತದೆ. ಹಳೆಯ ಮ್ಯಾನಿಫೋಲ್ಡ್ ಸೀಳಿರಬಹುದು, ಮುಖ ಸೊಟ್ಟಗಾಗಿರಬಹುದು, ಮಸಿ ಕಟ್ಟಿ ದಾರಿ ಅರ್ಧ ಮುಚ್ಚಿರಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಸಿಲಿಂಡರುಗಳಿಗೆ ಗಾಳಿ ಸಮನಾಗಿ ಹಂಚಿಕೆಯಾಗದಿರುವುದು. ಪಂಪು ಆರೂ ಸಿಲಿಂಡರಿಗೆ ಒಂದೇ ಅಳತೆಯ ಡೀಸೆಲ್ ಕೊಡುತ್ತದೆ. ಗಾಳಿ ಒಂದು ತುದಿಯಿಂದ ನುಗ್ಗಿ ಕೆಲವಕ್ಕೆ ಧಾರಾಳ, ಒಂದಕ್ಕೆ ಕೊರತೆಯಾದರೆ ಆ ಒಂದೇ ಸಿಲಿಂಡರ್ ಹೊಗೆ ಬಿಡುತ್ತದೆ, ಅದೇ ಅತಿ ಕಾಯುತ್ತದೆ, ಕೊನೆಗೆ ಪಿಸ್ಟನ್ ಹೋಗುವುದೂ ಅದರದ್ದೇ. ಒಳ್ಳೆಯ ಮ್ಯಾನಿಫೋಲ್ಡಿನ ಗುಣ ಎಚ್‌ಪಿ ಹೆಚ್ಚಿಸುವುದಕ್ಕಿಂತ ಈ ಪಂಕ್ತಿಭೇದ ತಪ್ಪಿಸುವುದು.

ಬಿಚ್ಚುವ ಮುಂಚೆ ಲೀಕ್ ನೋಡಿ

ಇದೊಂದು ಪರೀಕ್ಷೆ ಮಾಡದೆ ಸ್ಪ್ಯಾನರ್ ಹಿಡಿಯಬೇಡಿ. ಫಿಲ್ಟರ್ ಕಡೆಯ ಹೋಸನ್ನು ಟರ್ಬೊ ಬಾಯಿಂದ ಬಿಚ್ಚಿ. ಆ ಬಾಯಿಗೆ ಸರಿಯಾಗಿ ಕೂರುವಂತೆ ಲೇತಿನಲ್ಲಿ ಒಂದು ಮುಚ್ಚಳ ತಿರುಗಿಸಿ, ನಡುವೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಹೋಸು ತುಂಡು, ಕ್ಲಾಂಪು ಹಾಕಿ ಬಿಗಿದು, ಟೈರಿಗೆ ಗಾಳಿ ಹಿಡಿಯುವ ಪೈಪಿನಿಂದಲೇ ನಿಧಾನವಾಗಿ 1 ಬಾರ್, ಅಂದರೆ 15 ಪಿಎಸ್‌ಐವರೆಗೆ ತುಂಬಿಸಿ. ಅದಕ್ಕಿಂತ ಮೇಲೆ ಬೇಡ. ಮುಚ್ಚಳದ ನೇರಕ್ಕೆ ಯಾರೂ ನಿಲ್ಲಬಾರದು, ಬಿಟ್ಟುಕೊಂಡರೆ ಗುಂಡಿನಂತೆ ಹಾರುತ್ತದೆ. ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ, ಇಲ್ಲವಾದರೆ ರಿಂಗುಗಳ ಮೂಲಕ ಇಳಿದ ಗಾಳಿ ಕ್ರ್ಯಾಂಕ್‌ಕೇಸ್ ಒಳಗೆ ಒತ್ತಡ ಕಟ್ಟುತ್ತದೆ. ಸೈಲೆನ್ಸರಿನಲ್ಲಿ ಗಾಳಿ ಜೋರಾಗಿ ಹೋಗುತ್ತಿದ್ದರೆ ಯಾವುದೋ ಸಿಲಿಂಡರಿನ ಎರಡೂ ವಾಲ್ವ್ ಸ್ವಲ್ಪ ತೆರೆದಿರಬಹುದು; ಕ್ರ್ಯಾಂಕನ್ನು ಕೈಯಲ್ಲಿ ಕಾಲು ಸುತ್ತು ತಿರುಗಿಸಿ ನೋಡಿ.

ಈಗ ಸೋಪಿನ ನೀರು. ಹೋಸಿನ ತುದಿಗಳು, ಇಂಟರ್‌ಕೂಲರಿನ ಟ್ಯಾಂಕ್ ಮತ್ತು ಕೋರ್ ಸೇರುವ ಅಂಚು, ಮ್ಯಾನಿಫೋಲ್ಡ್ ಪ್ಯಾಕಿಂಗ್ (ಹೆಡ್ಡಿಗೂ ಅದಕ್ಕೂ ನಡುವಿನ ಗ್ಯಾಸ್ಕೆಟ್), ಸೆನ್ಸರಿನ ಬುಡ: ಒಂದೊಂದಕ್ಕೂ ಬ್ರಷ್ಷಿನಲ್ಲಿ ಬಳಿಯಿರಿ. ದೊಡ್ಡ ಲೀಕು ಬುಸ್ಸೆಂದು ಕಿವಿಗೇ ಕೇಳುತ್ತದೆ. ಚಿಕ್ಕದು ಮೊದಲು ಏನೂ ತೋರಿಸದೆ, ಎಣಿಸಿ ಹತ್ತು ಸೆಕೆಂಡಾದ ಮೇಲೆ ಕಪ್ಪೆಮೊಟ್ಟೆಯಂತೆ ಬಿಳಿ ಗುಳ್ಳೆಯ ಸಾಲು ಕಟ್ಟುತ್ತದೆ. ಓಡುವ ಗಾಡಿಯಲ್ಲಿ ಇದೇ ಜಾಗ ಎಣ್ಣೆ ಬೆರೆತ ಧೂಳಿನ ಕಪ್ಪು ಗೆರೆಯಾಗಿ ಕಾಣುತ್ತದೆ, ಗಮನಿಸುವುದಿಲ್ಲ ಅಷ್ಟೇ. ಎಣ್ಣೆ ಹಿಡಿದ ಪೈಪಿನ ಮೇಲೆ ಸಾಧಾರಣ ಸ್ಕ್ರೂ ಕ್ಲಿಪ್ 1 ಬಾರ್ ಒತ್ತಡಕ್ಕೆ ಜಾರುತ್ತದೆ. ಪೈಪ್ ತುದಿಯನ್ನು ಥಿನ್ನರಿನಲ್ಲಿ ಒರೆಸಿ, ನಾಲ್ಕು ಪದರದ ಸಿಲಿಕೋನ್ ಹೋಸಿಗೆ ಟಿ-ಬೋಲ್ಟ್ ಕ್ಲಾಂಪ್ ಹಾಕಿ. ಪೈಪಿನ ಉಬ್ಬು ಏಣಿನ ಮೇಲಲ್ಲ, ಅದರ ಹಿಂದೆ ಕ್ಲಾಂಪ್ ಕೂರಬೇಕು.

ಟರ್ಬೊಗೆ ಮುಂಚಿನ ಹೋಸಿನ ಬಿರುಕು ಇದಕ್ಕಿಂತ ಕೆಟ್ಟದ್ದು. ಅದು ಸದ್ದು ಮಾಡುವುದಿಲ್ಲ, ಪಿಕಪ್ಪೂ ಕೂಡಲೇ ಬೀಳುವುದಿಲ್ಲ. ಫಿಲ್ಟರ್ ಆಗದ ಧೂಳು ಸುಮ್ಮನೆ ಒಳಗೆ ಹೋಗಿ ಟರ್ಬೊ ರೆಕ್ಕೆ, ಲೈನರ್, ರಿಂಗು ಎಲ್ಲವನ್ನೂ ಸವೆಸುತ್ತದೆ. ಇಂಟರ್‌ಕೂಲರಿನ ಕೆಳಗಿನ ಹೋಸು ಬಿಚ್ಚಿ ಎಣ್ಣೆ ನಿಂತಿದೆಯೇ ಎಂದೂ ನೋಡಿ. ಒಂದು ತೇವ ಪದರ ಸಹಜ. ಲೋಟದಷ್ಟು ಸುರಿದರೆ ಟರ್ಬೊ ಸೀಲ್ ಹೋಗಿದೆ. ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು ಎಂಜಿನ್ ಕೈ ತಪ್ಪಿ ರೇಸ್ ಆಗುವ ಅಪಾಯ ಇದೆ, ಆಗ ಕೀ ತಿರುಗಿಸಿದರೂ ನಿಲ್ಲದು.

ಮಸಿ ಕಟ್ಟಿದ ಮ್ಯಾನಿಫೋಲ್ಡ್

ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ) ಇರುವ ಎಂಜಿನ್‌ಗಳಲ್ಲಿ ಸೈಲೆನ್ಸರ್ ಕಡೆಯ ಮಸಿಯೂ ಕ್ರ್ಯಾಂಕ್‌ಕೇಸಿನ ಎಣ್ಣೆ ಆವಿಯೂ ಸೇರಿ ಟಾರಿನಂಥ ಅಂಟು ಕಟ್ಟುತ್ತದೆ. ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಅಳೆಯುವ ಸೆನ್ಸರಿನ ತೂತು ಮುಚ್ಚಿದರೆ ಇಸಿಎಂಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಗಾಳಿ ಕಡಿಮೆ ಎಂದೇ ಕಾಣುತ್ತದೆ, ಡೀಸೆಲ್ ಕತ್ತರಿಸುತ್ತದೆ. ಇಂಥ ಗಾಡಿಗೆ ಹೊಸ ಮ್ಯಾನಿಫೋಲ್ಡಿಗಿಂತ ಇದ್ದದ್ದನ್ನು ತೊಳೆಯುವುದೇ ಲಾಭ. ಬಿಚ್ಚಿಯೇ ತೊಳೆಯಬೇಕು, ಕೂತ ಜಾಗದಲ್ಲೇ ಕೆರೆದರೆ ಗಟ್ಟಿ ಮಸಿಯ ಚೂರು ವಾಲ್ವ್ ಸೀಟಿನ ಮೇಲೆ ಬೀಳುತ್ತದೆ. ಹೆಡ್ಡಿನ ಪೋರ್ಟುಗಳಿಗೆ (ಗಾಳಿ ಒಳಹೋಗುವ ತೂತುಗಳಿಗೆ) ಬಟ್ಟೆ ತುರುಕುವಾಗ ಎಷ್ಟು ಬಟ್ಟೆ ಎಂದು ಎಣಿಸಿ ಬರೆದಿಡಿ, ತೆಗೆಯುವಾಗ ಮತ್ತೆ ಎಣಿಸಿ. ಎರಕದ ಕಬ್ಬಿಣವಾದರೆ ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಬಹುದು. ಅಲ್ಯೂಮಿನಿಯಂ ಮ್ಯಾನಿಫೋಲ್ಡನ್ನು ಆ ತೊಟ್ಟಿಗೆ ಹಾಕಿದರೆ ಲೋಹವೇ ಕರಗಿ, ಬೆಂಕಿ ಹಿಡಿಯುವ ಹೈಡ್ರೋಜನ್ ಏಳುತ್ತದೆ. ಅದಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್, ನೈಲಾನ್ ಬ್ರಷ್ಷು, ಒಂದು ರಾತ್ರಿ ನೆನೆಸುವ ತಾಳ್ಮೆ.

ಮಾಡಿಸುವುದೇ ಆದರೆ

ಹೊಸ ಮ್ಯಾನಿಫೋಲ್ಡಿನ ಫ್ಲೇಂಜಿಗೆ (ಹೆಡ್ಡಿಗೆ ಬೋಲ್ಟಾಗುವ ಪಟ್ಟಿಗೆ) 10-12 ಮಿ.ಮೀ. ಪ್ಲೇಟು, ಗಾಳಿ ತುಂಬುವ ಪೆಟ್ಟಿಗೆಗೆ 3 ಮಿ.ಮೀ. ಶೀಟು ಸಾಕು. ಪೆಟ್ಟಿಗೆಯ ಗಾತ್ರ ಎಂಜಿನ್ ಸಿಸಿಯ ಆಸುಪಾಸಿಗಿರಲಿ. ಅಂಡೆಯಷ್ಟು ದೊಡ್ಡದು ಮಾಡಿದರೆ ಅದು ತುಂಬುವವರೆಗೆ ಪಿಕಪ್ ತಡವಾಗುತ್ತದೆ. ಗಾಳಿ ನಡುವಿನಿಂದ ಒಳಬಂದರೆ ಹಂಚಿಕೆ ಸುಲಭ. ತುದಿಯಿಂದಲೇ ತರಬೇಕಾದರೆ ಪೆಟ್ಟಿಗೆ ದೂರ ಹೋದಂತೆ ಕಿರಿದಾಗುತ್ತ ಬರಬೇಕು. ವೆಲ್ಡಿಂಗ್ ಆರ್ಗಾನಿನಲ್ಲಿ ಮಾಡಿಸಿ. ಕಡ್ಡಿ ವೆಲ್ಡಿಂಗಿನ ಕಿಟ್ಟ ಒಳಗೆ ಉಳಿದು, ಎಂಜಿನ್ ಅದುರಿಕೆಗೆ ಕಳಚಿ ಸೀದಾ ಪಿಸ್ಟನ್ ಮೇಲೆ ಬೀಳುತ್ತದೆ. ಟರ್ಬೊ ಆಚೆ ತಡೆಯಲು ಇನ್ನೊಂದು ಫಿಲ್ಟರ್ ಇಲ್ಲ.

ವೆಲ್ಡಿಂಗ್ ಕಾವಿಗೆ ಫ್ಲೇಂಜು ಬಾಳೆಕಾಯಿಯಂತೆ ಬಾಗುವುದು ಖಂಡಿತ. ಹಾಗೇ ಬೋಲ್ಟು ಬಿಗಿದು ಎಳೆದು ಕೂರಿಸಬೇಡಿ, ಆರು ತಿಂಗಳಲ್ಲಿ ಫ್ಲೇಂಜಿನ ಬೋಲ್ಟು ಕೂರುವ ಕಿವಿ ಸೀಳುತ್ತದೆ. ತಣಿದ ಮೇಲೆ ಮಿಲ್ಲಿಂಗಿನಲ್ಲಿ ಮುಖ ಹೊಡೆಸಿ, ನೇರ ಪಟ್ಟಿ ಇಟ್ಟು 0.1 ಮಿ.ಮೀ. ಫೀಲರ್ ಗೇಜ್ ಎಲ್ಲೂ ನುಸುಳಬಾರದು. ಅಲ್ಯೂಮಿನಿಯಂ ಆದರೆ 700 ಮಿ.ಮೀ. ಉದ್ದದ ಮ್ಯಾನಿಫೋಲ್ಡ್ 60 ಡಿಗ್ರಿ ಕಾದಾಗ ಸುಮಾರು ಒಂದು ಮಿ.ಮೀ. ಬೆಳೆಯುತ್ತದೆ, ತುದಿಯ ತೂತುಗಳಿಗೆ ಅಷ್ಟು ಸಡಿಲ ಬೇಕು.

ಇನ್ನು ಪೋರ್ಟ್ ಹೊಂದಿಸುವುದು. ಹೊಸ ಪ್ಯಾಕಿಂಗನ್ನು ಸ್ಟಡ್ಡುಗಳಿಗೆ ಹಾಕಿ, ಹೆಡ್ಡಿನ ತೂತಿನ ಅಂಚು ಅದರ ಮೇಲೆ ಗುರುತು ಮಾಡಿ. ಅದೇ ಪ್ಯಾಕಿಂಗನ್ನು ಮ್ಯಾನಿಫೋಲ್ಡ್ ಮುಖಕ್ಕಿಟ್ಟು ಮೊಳೆಯಿಂದ ಗೀರಿ. ಮ್ಯಾನಿಫೋಲ್ಡಿನ ತೂತು ಹೆಡ್ಡಿನದಕ್ಕಿಂತ ಅರ್ಧ ಮಿ.ಮೀ. ಚಿಕ್ಕದಿದ್ದರೆ ತೊಂದರೆಯಿಲ್ಲ, ದೊಡ್ಡದಾಗಿ, ಹೆಡ್ಡಿನ ಅಂಚು ಗಾಳಿಗೆ ಹೊಸಿಲಿನಂತೆ ಅಡ್ಡ ನಿಲ್ಲಬಾರದು. ಪ್ಯಾಕಿಂಗ್ ಒಳಕ್ಕೆ ಇಣುಕಿದ್ದರೆ ಕತ್ತರಿಸಿ.

ಉಜ್ಜುವ ಕೈ ಇಲ್ಲಿಗೆ ನಿಲ್ಲಲಿ. ನೇರ ಇಂಜೆಕ್ಷನ್ ಡೀಸೆಲ್ ಎಂಜಿನ್ನಿನ ಹೆಡ್ಡಿನೊಳಗಿನ ಪೋರ್ಟ್ ಶಂಖದ ಒಳಗಿನಂತೆ ತಿರುಚಿಕೊಂಡಿರುತ್ತದೆ. ಗಾಳಿ ಸುಳಿ ಸುತ್ತುತ್ತ ಸಿಲಿಂಡರಿಗೆ ಇಳಿಯಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಡೀಸೆಲ್ ಬೆರೆಯುವುದು ಆ ಸುಳಿಯಲ್ಲಿ. ಅಗಲ ಮಾಡಿದರೆ ಗಾಳಿ ಹೆಚ್ಚು ಬರುತ್ತದೆ, ಸುಳಿ ಸಾಯುತ್ತದೆ. ಕೊನೆಗೆ ಕೈಗೆ ಬರುವುದು ಕಪ್ಪು ಹೊಗೆ ಮತ್ತು ಕಡಿಮೆ ಮೈಲೇಜು. ಗ್ರೈಂಡರ್ ಹಿಡಿದು ಹೆಡ್ಡಿಗೆ ಕೈ ಹಾಕಿದವರು ಹಾಳು ಮಾಡಿದ ಎಂಜಿನ್ನನ್ನು ಮ್ಯಾನಿಫೋಲ್ಡ್ ಕೆಲಸದ ತಪ್ಪೆಂದು ದೂರುವುದೇ ಹೆಚ್ಚು.

ಕೂರಿಸುವಾಗ ನಡುವಿನ ಬೋಲ್ಟಿನಿಂದ ತುದಿಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಎಂಜಿನ್ನಿನ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ಎರಕದ ಕಬ್ಬಿಣದ ಹೆಡ್ಡಿಗೆ 8.8 ದರ್ಜೆಯ ಎಂ8 ಬೋಲ್ಟು ಸಾಮಾನ್ಯವಾಗಿ 22-25 ನ್ಯೂಟನ್ ಮೀಟರ್, ಎಂ10 ಆದರೆ 45ರ ಸುಮಾರು. ಪೇಸ್ಟ್ ಬಳಿಯುವ ಚಟ ಬೇಡ. ಒಳಕ್ಕೆ ಹಿಂಡಿಕೊಂಡದ್ದು ಒಣಗಿ ತುಂಡಾಗಿ ಎಂಜಿನ್ನಿಗೇ ಹೋಗುತ್ತದೆ.

ಯಾಂತ್ರಿಕ ಪಂಪಿನ ಟರ್ಬೊ ಗಾಡಿಯಲ್ಲಿ ಮ್ಯಾನಿಫೋಲ್ಡಿನಿಂದ ಪಂಪಿನ ತಲೆಗೆ ಹೋಗುವ ಸಣ್ಣ ಪೈಪೊಂದಿದೆ. ಬೂಸ್ಟ್ ಬಂದಿದೆ, ಇನ್ನು ಡೀಸೆಲ್ ಹೆಚ್ಚಿಸು ಎಂದು ಪಂಪಿಗೆ ತಿಳಿಸುವುದು ಅದೇ. ಹೊಸ ಮ್ಯಾನಿಫೋಲ್ಡಿಗೆ ಅದರ ನಿಪ್ಪಲ್ ಇಡಲು ಮರೆತು, ತುದಿ ಮುಚ್ಚಿ ಬಿಟ್ಟ ಗಾಡಿ ಮೊದಲಿಗಿಂತಲೂ ಮಂದವಾಗುತ್ತದೆ. ಸಾವಿರಾರು ರೂಪಾಯಿಯ ಕೆಲಸ ಕೈಕೊಡುವುದು ಈ ಬೆರಳುಗಾತ್ರದ ಪೈಪಿನಲ್ಲಿ.

ಪಂಪ್ ಏರಿಸುವುದಿದ್ದರೆ ಕ್ಯಾಲಿಬ್ರೇಷನ್ ಬೆಂಚಿನಲ್ಲೇ ಆಗಲಿ, ಸ್ಕ್ರೂ ತಿರುಗಿಸಿ ಅಂದಾಜಿನಲ್ಲಿ ಬೇಡ. ಬೂಸ್ಟ್ ಗೇಜು, ಟರ್ಬೊಗೆ ಮುಂಚೆ ಎಕ್ಸಾಸ್ಟ್ ತಾಪದ ಗೇಜು ಎರಡೂ ಇರಬೇಕು. ಏರಿನಲ್ಲಿ ನಿಮಿಷಗಟ್ಟಲೆ 700 ಡಿಗ್ರಿ ದಾಟಿದರೆ ಡೀಸೆಲ್ ಇಳಿಸಿ. ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಗಾಗಲು ಅದು ಕರಗುವವರೆಗೆ ಕಾಯಬೇಕಿಲ್ಲ.

ಇಸಿಎಂ ಇರುವ ಗಾಡಿಗಳಲ್ಲಿ ಹೀಗೆ ಪಂಪ್ ಏರಿಸುವುದು ನಡೆಯದು. ಡೀಸೆಲ್‌ಗೆ ಮಿತಿ ಹಾಕಿರುವುದು ಅದರೊಳಗಿನ ಲೆಕ್ಕ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಯ ಗಾಳಿ ದಾರಿಯನ್ನು ಮುಟ್ಟುವುದೇ ಬೇಡ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ, 182ಎ ಕಲಂ ಪ್ರಕಾರ ಒಂದೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎಚ್‌ಪಿ ಹೆಚ್ಚಿತೆಂದು ಪರ್ಮಿಟ್ಟಿನ ಲೋಡು ಹೆಚ್ಚುವುದೂ ಇಲ್ಲ, ಬ್ರೇಕು ಹಳೆಯದೇ.

ಕೆಲಸ ಮುಗಿದ ಮೇಲೆ "ಗಾಡಿ ಹಗುರಾಗಿದೆ ಅನ್ಸುತ್ತೆ" ಎಂಬುದನ್ನು ನಂಬಬೇಡಿ. ಬಿಚ್ಚುವ ಮುಂಚೆಯೇ ಒಂದು ದಿನ ತೂಕ ಮಾಡಿಸಿದ ಲೋಡಿನಲ್ಲಿ ಮೇಲುಕೋಟೆ ಏರಿನಂಥ ಒಂದು ಏರು ಆರಿಸಿಕೊಂಡು, ಯಾವ ಗೇರಿನಲ್ಲಿ ಎಷ್ಟು ಸೆಕೆಂಡು, ಬೂಸ್ಟ್ ಎಷ್ಟು, ಎಕ್ಸಾಸ್ಟ್ ತಾಪ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ತೂಕ, ಅದೇ ಏರು, ಅದೇ ಹೊತ್ತು. ಮಧ್ಯಾಹ್ನದ ಬಿಸಿಲಿಗೂ ಬೆಳಗಿನ ತಂಪಿಗೂ ಗಾಳಿಯ ಸಾಂದ್ರತೆಯಲ್ಲೇ ಮ್ಯಾನಿಫೋಲ್ಡ್ ಕೊಡುವುದಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಐನೂರು ಕಿಲೊಮೀಟರ್ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ, ಪ್ಯಾಕಿಂಗ್ ಸುತ್ತ ಕಪ್ಪು ಗೆರೆ ಎದ್ದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.